ಓದುಗರ ಪ್ರಶ್ನೆಗೆ ಉತ್ತರ: ಸೊಸೆಯ ತವರಿನ ಬೇರು, ಕೆಂಟಕಿಯ ಕಾಗದಪತ್ರ

ಪ್ರಶ್ನೆ: ನನ್ನ ಸೊಸೆ ಅಮೆರಿಕದ ಕೆಂಟಕಿ ರಾಜ್ಯದವಳು. ಅವಳ ತಂದೆಯ ಕಡೆಯ ಮೂಲಪುರುಷ ಜಾನ್ ಎಂಬುವನು ಡೇನಿಯಲ್ ಬೂನ್ ಎಂಬ ಹೆಸರಾಂತ ಬೇಟೆಗಾರನ ಜೊತೆ ಕಾಡು ಕಡಿದುಕೊಂಡು ಬಂದು ಅಲ್ಲಿ ನೆಲೆಸಿದ ಎಂದು ಅವರ ಮನೆಯಲ್ಲಿ ಹೇಳುತ್ತಾರೆ. ಮೊಮ್ಮಗಳಿಗೆ ನಮ್ಮ ಕಡೆಯ ವಂಶವೃಕ್ಷ ಬರೆದುಕೊಟ್ಟಿದ್ದೇನೆ. ಅವಳ ತಾಯಿಯ ಕಡೆಯದನ್ನು ಮೈಸೂರಿನಲ್ಲೇ ಕುಳಿತು ಹುಡುಕಲು ಆಗುತ್ತದೆಯೇ?
— ಓದುಗರು, ಕುವೆಂಪುನಗರ, ಮೈಸೂರು

ಉತ್ತರ: ಆಗುತ್ತದೆ. ಆದರೆ ಜಾನ್‌ನಿಂದ ಶುರು ಮಾಡಬೇಡಿ. ಆ ಕಾಲದ ಕೆಂಟಕಿಯಲ್ಲಿ ಜಾನ್ ಎಂದರೆ ನಮ್ಮ ಕಡೆ ಸಿದ್ದೇಗೌಡ ಎಂದ ಹಾಗೆ, ಒಂದೇ ಹೋಬಳಿಯಲ್ಲಿ ನಾಲ್ಕು ಜನ ಸಿಗುತ್ತಾರೆ. ಸೊಸೆಯ ಅಜ್ಜ ಅಜ್ಜಿಯನ್ನು ಹಿಡಿದು ಒಂದೊಂದೇ ತಲೆಮಾರು ಹಿಂದಕ್ಕೆ ಹೋಗಿ. ಈ ತಲೆಮಾರಿಗೂ ಹಿಂದಿನದಕ್ಕೂ ನಂಟು ತೋರಿಸುವ ಒಂದು ಕಾಗದ ಕೈಗೆ ಬರುವವರೆಗೆ ಮುಂದಿನ ಮೆಟ್ಟಿಲು ಹತ್ತಬಾರದು.

ಮೊದಲು ಜನಗಣತಿ. ಅಮೆರಿಕದಲ್ಲಿ ಅದು 1790ರಿಂದ ಹತ್ತು ವರ್ಷಕ್ಕೊಮ್ಮೆ ನಡೆದಿದೆ. ಮನೆವಾರು ಹಾಳೆಗಳನ್ನು 72 ವರ್ಷ ಮುಚ್ಚಿಟ್ಟು ಆಮೇಲೆ ತೆರೆಯುವುದರಿಂದ ಸದ್ಯಕ್ಕೆ 1950ರದೇ ಕೊನೆಯದು. ಅಲ್ಲಿಂದ 1850ರವರೆಗೆ ದಾರಿ ಸಲೀಸು, ಮನೆಯಲ್ಲಿದ್ದವರ ಹೆಸರು, ವಯಸ್ಸು, ಹುಟ್ಟಿದ ರಾಜ್ಯ ಎಲ್ಲ ಸಿಗುತ್ತದೆ. 1890ರ ಹಾಳೆಗಳು ಮಾತ್ರ 1921ರ ಬೆಂಕಿಯಲ್ಲಿ ಹೆಚ್ಚುಕಡಿಮೆ ಪೂರ್ತಿ ಹಾಳಾದವು. ಇನ್ನೊಂದು ಎಚ್ಚರ: ಯಜಮಾನನಿಗೆ ಯಾರು ಏನಾಗಬೇಕು ಎಂದು ಬರೆಯಲು ಶುರುವಾದದ್ದು 1880ರಲ್ಲಿ. 1850ರ ಹಾಳೆಯಲ್ಲಿ ಯಜಮಾನನ ಕೆಳಗಿರುವ ಹೆಂಗಸು ಮಕ್ಕಳ ಹೆತ್ತ ತಾಯಿಯೇ ಆಗಿರಬೇಕಿಲ್ಲ, ಎರಡನೇ ಹೆಂಡತಿ ಇರಬಹುದು. ಮಕ್ಕಳಲ್ಲಿ ಒಬ್ಬ ಅಣ್ಣನ ಮಗ ಇರಬಹುದು.

1840 ಮತ್ತು ಅದಕ್ಕೂ ಹಿಂದಿನ ಗಣತಿಯಲ್ಲಿ ಯಜಮಾನನ ಹೆಸರಷ್ಟೇ ಇರುತ್ತದೆ. ಉಳಿದವರು ವಯಸ್ಸಿನ ಕಾಲಂಗಳಲ್ಲಿ ಬರೀ ಅಂಕಿ. ಕೆಂಟಕಿಯ 1790 ಮತ್ತು 1800ರ ಗಣತಿಯಂತೂ ಉಳಿದೇ ಇಲ್ಲ. ಹೆಚ್ಚಿನವರು ಕೈಚೆಲ್ಲುವುದು ಇಲ್ಲೇ, ನಿಜವಾದ ಕೆಲಸ ಶುರುವಾಗುವುದೂ ಇಲ್ಲೇ. ಇಲ್ಲಿಂದ ಹಿಂದಕ್ಕೆ ಮನುಷ್ಯನನ್ನು ಹೆಸರಿನಿಂದ ಹಿಡಿಯಲು ಹೋಗದೆ ಜಮೀನಿನಿಂದ ಹಿಡಿಯಬೇಕು.

ಕೈಗೆ ಸಿಗುವ ಒಳ್ಳೆಯ ಸಾಧನ ಕಂದಾಯದ ಪಟ್ಟಿ. ಕೆಂಟಕಿ 1792ರ ಜೂನ್ 1ರಂದು ರಾಜ್ಯವಾಯಿತು, ಆಮೇಲಿನ ಪಟ್ಟಿಗಳು ಹಲವು ಕೌಂಟಿಗಳಲ್ಲಿ (ಅಲ್ಲಿಯ ಜಿಲ್ಲೆಗಳಲ್ಲಿ) ಹೆಚ್ಚುಕಡಿಮೆ ವರ್ಷವರ್ಷವೂ ಇವೆ. 21 ತುಂಬಿದ ಗಂಡಸರ ಹೆಸರು, 16ರಿಂದ 21ರೊಳಗಿನ ಹುಡುಗರ ಸಂಖ್ಯೆ, ಕುದುರೆಗಳು, ಎಷ್ಟು ಎಕರೆ, ಯಾವ ಹಳ್ಳದ ಬದಿ, ಆ ಜಮೀನು ಮೊದಲು ಯಾರ ಹೆಸರಿನಲ್ಲಿ ಮಂಜೂರಾಗಿತ್ತು ಎಂಬ ಕಾಲಂಗಳಿರುತ್ತವೆ. ಒಂದೇ ವರ್ಷದ ಪಟ್ಟಿ ನೋಡಿ ಬಿಡಬೇಡಿ, ಹದಿನೈದು ಇಪ್ಪತ್ತು ವರ್ಷಗಳದ್ದನ್ನು ಸಾಲಾಗಿ ಬರೆದುಕೊಳ್ಳಿ. ತಂದೆಯ ಮುಂದಿನ ಹುಡುಗರ ಸಂಖ್ಯೆ 2ರಿಂದ 1ಕ್ಕೆ ಇಳಿದ ವರ್ಷವೇ ಅದೇ ಹಳ್ಳದ ಬದಿ ಅದೇ ಮನೆತನದ ಹೊಸ ಹೆಸರೊಂದು ಕಾಣಿಸಿಕೊಂಡರೆ, ಆ ಹುಡುಗನಿಗೆ 21 ತುಂಬಿದೆ ಎಂದು ಊಹಿಸಬಹುದು. ಹೆಸರಿನ ಮುಂದೆ ‘ಸೀನಿಯರ್’, ‘ಜೂನಿಯರ್’ ಎಂದಿದ್ದರೆ ತಂದೆ ಮಗ ಎಂದು ತೀರ್ಮಾನಿಸಬೇಡಿ. ಊರಿನಲ್ಲಿ ಒಂದೇ ಹೆಸರಿನ ಹಿರಿಯ, ಕಿರಿಯ ಎಂಬಷ್ಟೇ ಅರ್ಥಕ್ಕೂ ಹಾಗೆ ಬರೆಯುತ್ತಿದ್ದರು.

ದಾಖಲೆ ಸಿಗದೆ ಹೋಗಲು ಮುಖ್ಯ ಕಾರಣ ಕೌಂಟಿಗಳ ಒಡಕು. ಮಂಡ್ಯ ಜಿಲ್ಲೆ ಆದದ್ದು 1939ರಲ್ಲಿ. ಅದಕ್ಕೂ ಹಳೆಯದನ್ನು ಮೈಸೂರು ಜಿಲ್ಲೆಯ ಹೆಸರಿನಲ್ಲೇ ಹುಡುಕಬೇಕಲ್ಲವೇ? ಅಲ್ಲೂ ಹಾಗೇ. 1776ರ ಕೊನೆಯಲ್ಲಿ ವರ್ಜೀನಿಯಾದ ಒಂದೇ ಕೌಂಟಿಯಾಗಿದ್ದ ಕೆಂಟಕಿ 1780ರಲ್ಲಿ ಫಯೆಟ್, ಜೆಫರ್ಸನ್, ಲಿಂಕನ್ ಎಂದು ಮೂರಾಯಿತು, ಇಂದು 120 ಕೌಂಟಿಗಳಿವೆ. ಮನೆ ಬಿಟ್ಟು ಕದಲದ ರೈತನ ಕಾಗದ ಮೂರು ಕೋರ್ಟುಗಳಲ್ಲಿ ಹಂಚಿಹೋಗಿರಬಹುದು. ಹಾಗಾಗಿ ವರ್ಷವನ್ನೂ ಆ ವರ್ಷದಲ್ಲಿ ಆ ಜಾಗ ಯಾವ ಕೌಂಟಿಯಲ್ಲಿತ್ತು ಎಂಬುದನ್ನೂ ಪಕ್ಕಪಕ್ಕ ಬರೆದಿಟ್ಟುಕೊಂಡು ಹುಡುಕಿ.

ಇನ್ನು ಬೂನ್ ಮಾತು. 1775ರ ವಸಂತದಲ್ಲಿ ಕಂಬರ್ಲೆಂಡ್ ಕಣಿವೆಯ ಮೂಲಕ ದಾರಿ ಕಡಿದ ಬೂನ್‌ನ ತಂಡದಲ್ಲಿ ಇದ್ದವರು ಸುಮಾರು ಮೂವತ್ತು ಜನ. ‘ನಮ್ಮವನೂ ಇದ್ದ’ ಎನ್ನುವ ಮನೆತನಗಳು ಅದಕ್ಕಿಂತ ಬಹಳ ಹೆಚ್ಚು. ಆದರೂ ಮಾತನ್ನು ತಳ್ಳಿಹಾಕಬೇಕಿಲ್ಲ, ಅಷ್ಟು ಮುಂಚೆ ಬಂದವನೇ ಆಗಿದ್ದರೆ ಪರೀಕ್ಷಿಸುವ ದಾರಿಯಿದೆ. ವರ್ಜೀನಿಯಾದ 1779ರ ಕಾನೂನಿನ ಪ್ರಕಾರ 1778ರ ಜನವರಿ 1ಕ್ಕೆ ಮೊದಲು ಅಲ್ಲಿ ನೆಲೆಸಿ, ಒಂದು ವರ್ಷ ವಾಸವಿದ್ದವನಿಗೆ ಅಥವಾ ಒಂದು ಬೆಳೆ ಮುಸುಕಿನ ಜೋಳ ತೆಗೆದವನಿಗೆ 400 ಎಕರೆ ಸಿಗುತ್ತಿತ್ತು. ಪಕ್ಕದ 1000 ಎಕರೆ ಕೊಳ್ಳಲು ಮೊದಲ ಹಕ್ಕೂ ಇತ್ತು. 1779–80ರಲ್ಲಿ ಆಯೋಗವೊಂದು ಊರೂರಿಗೆ ಹೋಗಿ ವಿಚಾರಿಸಿ ಪ್ರಮಾಣಪತ್ರ ಕೊಟ್ಟಿತು. ಈ ಪತ್ರಗಳೂ ಮಂಜೂರಾತಿ ಕಡತಗಳೂ ಫ್ರಾಂಕ್‌ಫರ್ಟ್ ಊರಿನ ಕೆಂಟಕಿ ಲ್ಯಾಂಡ್ ಆಫೀಸಿನಲ್ಲಿವೆ, ಅದರ ಜಾಲತಾಣದಲ್ಲಿ ಹೆಸರು ಹಾಕಿ ನೋಡಬಹುದು. ವಾರಂಟ್ (ಜಮೀನು ಅಳೆಸಿಕೊಳ್ಳಲು ಅನುಮತಿ), ಎಂಟ್ರಿ (ಆರಿಸಿದ ಜಾಗದ ನೋಂದಣಿ), ಸರ್ವೆ (ಅಳತೆ), ಗ್ರಾಂಟ್ (ಕೊನೆಯ ಮಂಜೂರಾತಿ) ಎಂಬ ನಾಲ್ಕು ಹಂತದ ಕಾಗದವನ್ನೂ ತೆಗೆಸಿ. ವಾರಂಟನ್ನು ಮಾರಬಹುದಿತ್ತು, ಆದ್ದರಿಂದ ಗ್ರಾಂಟಿನಲ್ಲಿ ಹೆಸರಿರುವವನು ಆ ನೆಲವನ್ನು ಕಣ್ಣಲ್ಲೂ ಕಾಣದೆ ಇದ್ದಿರಬಹುದು.

ಜಾನ್ ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿ ಹೋರಾಡಿದ್ದರೆ ಪಿಂಚಣಿ ಕಡತ ಬಿಡಲೇಬೇಡಿ. 1832ರ ಕಾನೂನಿನಂತೆ ಆರು ತಿಂಗಳಾದರೂ ಸೇವೆ ಮಾಡಿದ ಮುದುಕರು ಕೋರ್ಟಿಗೆ ಬಂದು, ಹುಟ್ಟಿದ್ದೆಲ್ಲಿ, ಯಾರ ಕೈಕೆಳಗೆ ದುಡಿದೆ, ಆಮೇಲೆ ಎಲ್ಲೆಲ್ಲಿ ಇದ್ದೆ ಎಂದು ಪ್ರಮಾಣ ಮಾಡಿ ಹೇಳಿ ಬರೆಸಿದ್ದಾರೆ. 1836ರಿಂದ ವಿಧವೆಯರೂ ಅರ್ಜಿ ಹಾಕಿದರು. ಮದುವೆಯ ರುಜುವಾತಿಗೆಂದು ಮನೆಯ ಬೈಬಲ್ಲಿನಲ್ಲಿ ಮಕ್ಕಳ ಹುಟ್ಟು ಬರೆದಿಟ್ಟ ಹಾಳೆಯನ್ನೇ ಹರಿದು ಲಗತ್ತಿಸಿದವರುಂಟು, ಆ ಹಾಳೆಗಳು ಇಂದಿಗೂ ಕಡತದೊಳಗಿವೆ. ಅಮೆರಿಕದ ರಾಷ್ಟ್ರೀಯ ಪತ್ರಾಗಾರದ ಜಾಲತಾಣದಲ್ಲಿ ಇವನ್ನು ಉಚಿತವಾಗಿ ಓದಬಹುದು.

ಕಂದಾಯ ಪಟ್ಟಿ, ಉಯಿಲು, ಮದುವೆ ಮುಚ್ಚಳಿಕೆಗಳಿಗೆ (ಮದುವೆಗೆ ಕಾನೂನಿನ ಅಡ್ಡಿಯಿಲ್ಲ ಎಂದು ವರ ಬರೆದುಕೊಡುತ್ತಿದ್ದ ಬಾಂಡ್) ಫ್ಯಾಮಿಲಿಸರ್ಚ್ ಜಾಲತಾಣ ಸಾಕು, ಖಾತೆ ತೆರೆಯಲು ಹಣವಿಲ್ಲ. ಮುಚ್ಚಳಿಕೆಯಲ್ಲಿ ವರನ ಜೊತೆ ಸಹಿ ಹಾಕಿದ ಜಾಮೀನುದಾರ ಬಹಳ ಸಲ ಹುಡುಗಿಯ ತಂದೆ ಅಥವಾ ಅಣ್ಣನಾಗಿರುತ್ತಾನೆ, ಅವನ ಹೆಸರು ಬರೆದುಕೊಳ್ಳಿ. ದಾಖಲೆಗಳ ಕೆಲವು ಚಿತ್ರಗಳು ಫ್ಯಾಮಿಲಿಸರ್ಚ್‌ನ ಕೇಂದ್ರಗಳಲ್ಲಿ ಅಥವಾ ಅದರೊಡನೆ ಸೇರಿದ ಗ್ರಂಥಾಲಯಗಳಲ್ಲಿ ಮಾತ್ರ ತೆರೆಯುತ್ತವೆ. ಅವುಗಳ ಪಟ್ಟಿ ಮಾಡಿ ಸೊಸೆಗೆ ಕಳಿಸಿ, ಅವಳ ಊರಿನ ಅಂಥ ಗ್ರಂಥಾಲಯದಲ್ಲಿ ಒಮ್ಮೆಗೇ ನೋಡಿಕೊಂಡು ಬರಲಿ.

ಪ್ರಶ್ನೆ: ನಾನು ಭೂಮಾಪನ ಇಲಾಖೆಯಿಂದ ನಿವೃತ್ತನಾದವನು. ಮಗಳು ಅವಳ ಅಮೆರಿಕನ್ ಮಾವನ ಮನೆಯ ಹಳೆಯ ಕೆಂಟಕಿ ಜಮೀನು ಪತ್ರದ ಚಿತ್ರ ಕಳಿಸಿದ್ದಾಳೆ. ಸರ್ವೆ ನಂಬರೇ ಇಲ್ಲ, ಬರೀ ಮರಗಳು ಮತ್ತು ‘ಪೋಲ್’ ಲೆಕ್ಕ. ನಕ್ಷೆ ಬರೆಯುವುದು ಹೇಗೆ?
— ಓದುಗರು, ಮಂಡ್ಯ

ಉತ್ತರ: ನಿಮಗೆ ಇದು ಬೇರೆಯವರಿಗಿಂತ ಸುಲಭ. ಒಂದು ಪೋಲ್ ಎಂದರೆ ಹದಿನಾರೂವರೆ ಅಡಿ, ನಾಲ್ಕು ಪೋಲ್ ಸೇರಿದರೆ ನಿಮ್ಮ 66 ಅಡಿಯ ಸರಪಳಿ. ಎರಡು ಪೋಲ್ ಉದ್ದ, ಎರಡು ಪೋಲ್ ಅಗಲ ಎಂದರೆ 33 ಅಡಿ ಚೌಕ, ಅಂದರೆ ನಮ್ಮ ಒಂದು ಗುಂಟೆ. 160 ಚದರ ಪೋಲ್‌ಗೂ 40 ಗುಂಟೆಗೂ ಅದೇ ಒಂದು ಎಕರೆ.

ಆ ಪತ್ರ ನಮ್ಮ ಹಳೇ ಕ್ರಯಪತ್ರದ ಚಕ್ಕುಬಂದಿಯಂತೆಯೇ, ದಿಕ್ಕಿಗೆ ಡಿಗ್ರಿ ಸೇರಿಸಿದ್ದಾರೆ ಅಷ್ಟೆ. ‘ಹಳ್ಳದ ದಡದ ಬಿಳಿ ಓಕ್ ಮರದಿಂದ ಉತ್ತರ 40 ಡಿಗ್ರಿ ಪೂರ್ವಕ್ಕೆ 120 ಪೋಲ್, ಸಕ್ಕರೆ ಮೇಪಲ್ ಮರದವರೆಗೆ’ ಎಂಬ ಧಾಟಿಯಲ್ಲಿರುತ್ತದೆ. ಒಂದು ಸೆಂಟಿಮೀಟರಿಗೆ 20 ಪೋಲ್ ಇಟ್ಟುಕೊಂಡರೆ ಈ ಗೆರೆ 6 ಸೆಂಟಿಮೀಟರ್, ನೆಲದ ಮೇಲೆ 1980 ಅಡಿ. ಉತ್ತರದಿಂದ ಪೂರ್ವದ ಕಡೆಗೆ 40 ಡಿಗ್ರಿ ತಿರುಗಿಸಿ ಎಳೆಯಿರಿ, ಕೊನೆಗೆ ಮತ್ತೆ ಮೊದಲ ಮರಕ್ಕೇ ಬಂದು ಸೇರಬೇಕು. ತುಂಬ ದೂರ ಉಳಿದರೆ ಗುಮಾಸ್ತ ಒಂದು ಸಾಲನ್ನೇ ಬಿಟ್ಟಿರಬಹುದು ಅಥವಾ ಪೂರ್ವ ಪಶ್ಚಿಮ ಅದಲುಬದಲಾಗಿರಬಹುದು. ಕಚೇರಿಯ ದಾಖಲೆ ಪುಸ್ತಕದಲ್ಲಿರುವುದು ನಕಲು, ಮೂಲ ಸರ್ವೆ ಕಾಗದದ ಜೊತೆ ತಾಳೆ ನೋಡಿ. ಡಿಗ್ರಿಗಳು ಅಂದಿನ ಕಾಂತಸೂಜಿಯವು, ಸೂಜಿ ತೋರುವ ಉತ್ತರ ಕಾಲ ಕಳೆದಂತೆ ಸರಿಯುತ್ತದೆ. ಇಂದಿನ ನಕ್ಷೆಗೆ ಹೊಂದಿಸುವಾಗ ಪೂರ್ತಿ ಆಕಾರವನ್ನೇ ಒಟ್ಟಿಗೆ ತುಸು ತಿರುಗಿಸಿ, ಒಂದೊಂದೇ ಗೆರೆಯನ್ನು ತಿದ್ದಬೇಡಿ.

ಸರ್ವೆ ನಂಬರಿಲ್ಲದಿರಲು ಕಾರಣ, ಸರ್ಕಾರ ಮೊದಲು ಅಳೆದು ಆಮೇಲೆ ಹಂಚಲಿಲ್ಲ. ಬಂದವನು ತನಗೆ ಬೇಕಾದ ಜಾಗ ಆರಿಸಿ ಅಳೆಸಿಕೊಂಡ. (ಓಹಾಯೋ ನದಿಯ ಉತ್ತರಕ್ಕೆ 1785ರ ಕಾನೂನಿನ ನಂತರ 640 ಎಕರೆಯ ಚೌಕಗಳ ಪದ್ಧತಿ ಬಂತು.) ಹೀಗಾಗಿ ಕೆಂಟಕಿಯಲ್ಲಿ ಹೆಂಚಿನ ಮೇಲೆ ಹೆಂಚು ಕೂತಂತೆ ಒಬ್ಬನ ಜಮೀನಿನ ಮೇಲೆ ಇನ್ನೊಬ್ಬನ ಹಕ್ಕು ಕೂತು, ವರ್ಷಗಟ್ಟಲೆ ವ್ಯಾಜ್ಯ ನಡೆದವು. ಬೂನ್ ಕೂಡ ಹಾಗೆಯೇ ಜಮೀನು ಕಳೆದುಕೊಂಡ. ವಂಶ ಹುಡುಕುವವರಿಗೆ ಆ ವ್ಯಾಜ್ಯಗಳೇ ಗಣಿ. ‘ನನ್ನ ವಯಸ್ಸು ಇಷ್ಟು, ಇಂಥ ವರ್ಷ ಇಂಥವನ ಜೊತೆ ಈ ಬುಗ್ಗೆಯ ಹತ್ತಿರ ಬಂದೆ’ ಎಂಬ ಸಾಕ್ಷಿ ಹೇಳಿಕೆಗಳು ಕೋರ್ಟ್ ಕಡತಗಳಲ್ಲಿವೆ.

ಸರ್ವೆ ಕಾಗದದ ಬುಡದಲ್ಲಿ ಸರಪಳಿ ಎಳೆದವರ ಹೆಸರಿರುತ್ತದೆ, ಅದನ್ನು ದಾಟಿ ಹೋಗಬೇಡಿ. ಅವರು ಬಹುತೇಕ ತಮ್ಮ, ಭಾವಮೈದ, ಪಕ್ಕದ ಜಮೀನಿನವನು. ವರ್ಜೀನಿಯಾದಿಂದ ಬರುವಾಗ ನೆಂಟರು, ನೆರೆಯವರು ಗುಂಪಾಗಿಯೇ ಬಂದರು. ನಿಮ್ಮವನ ಮೂಲ ಊರು ಸಿಗದಿದ್ದರೆ ಸರಪಳಿ ಹಿಡಿದವನ ಮೂಲ ಊರು ಹುಡುಕಿ, ಅಲ್ಲಿಯ ಪಟ್ಟಿಗಳಲ್ಲಿ ನಿಮ್ಮವನೂ ಸಿಗುವ ಸಂಭವ ಹೆಚ್ಚು.

ಪ್ರಶ್ನೆ: ಆನ್‌ಲೈನ್ ವಂಶವೃಕ್ಷವೊಂದರಲ್ಲಿ ಹುಟ್ಟಿದ ವರ್ಷ 1731/32 ಎಂದಿದೆ. ಇದು ತಪ್ಪೇ? ಡಿಎನ್‌ಎ ಪರೀಕ್ಷೆ ಮಾಡಿಸಿದರೆ ಗೊತ್ತಾಗುತ್ತದೆಯೇ?
— ಓದುಗರು, ಶ್ರೀರಂಗಪಟ್ಟಣ

ಉತ್ತರ: ತಪ್ಪಲ್ಲ. 1752ಕ್ಕೆ ಮೊದಲು ಬ್ರಿಟಿಷ್ ವಸಾಹತುಗಳಲ್ಲಿ ಹೊಸ ವರ್ಷ ಮಾರ್ಚ್ 25ಕ್ಕೆ ಹುಟ್ಟುತ್ತಿತ್ತು, ಜನವರಿಯಿಂದ ಅಲ್ಲಿಯವರೆಗಿನ ದಿನಗಳಿಗೆ ಎರಡೂ ವರ್ಷ ಬರೆಯುತ್ತಾರೆ. ಡಿಎನ್‌ಎ ವಿಷಯ: ವೈ ಪರೀಕ್ಷೆ (ಗಂಡಸರಲ್ಲಿರುವ ವೈ ಕ್ರೋಮೋಸೋಮಿನ ಪರೀಕ್ಷೆ) ತಂದೆಯಿಂದ ಮಗನಿಗೆ ಇಳಿದ ಸಾಲನ್ನಷ್ಟೇ ತೋರಿಸುತ್ತದೆ. ಹೆಣ್ಣುಮಕ್ಕಳ ಪರವಾಗಿ ಅವರ ತಂದೆ ಅಥವಾ ಒಡಹುಟ್ಟಿದ ಅಣ್ಣತಮ್ಮಂದಿರು ಕೊಡಬೇಕು. ಮನೆತನ ಒಂದೇ ಹೌದೋ ಅಲ್ಲವೋ ಎಂದು ತಿಳಿಯುತ್ತದೆ, ಆ ಮನೆತನದ ಯಾವ ಜಾನ್ ಎಂದು ತಿಳಿಯುವುದಿಲ್ಲ.

ಪ್ರಶ್ನೆ: ಅಳಿಯನ ಮನೆಯ ಹಿರಿಯನೊಬ್ಬ ಸತ್ತಾಗ ಮಾಡಿದ ಆಸ್ತಿಪಟ್ಟಿಯಲ್ಲಿ ಕುದುರೆ, ಹಾಸಿಗೆ, ಕಬ್ಬಿಣದ ಪಾತ್ರೆಗಳ ನಡುವೆ ಮನೆತನದ ಹೆಸರಿಲ್ಲದ ಕೆಲವು ಹೆಸರುಗಳು, ಪಕ್ಕದಲ್ಲಿ ಬೆಲೆ. ಇವರು ಅವನ ಮಕ್ಕಳೇ?
— ಓದುಗರು, ಸರಸ್ವತಿಪುರಂ, ಮೈಸೂರು

ಉತ್ತರ: ಅಲ್ಲ. ಅವರು ಆ ಮನೆಯಲ್ಲಿ ಗುಲಾಮರಾಗಿದ್ದ ಮನುಷ್ಯರು. ದಯವಿಟ್ಟು ಅವರನ್ನು ಬಿಟ್ಟು ನಕಲು ಮಾಡಬೇಡಿ. 1850 ಮತ್ತು 1860ರ ಗುಲಾಮರ ಗಣತಿಯಲ್ಲಿ ಒಡೆಯನ ಹೆಸರಿನ ಕೆಳಗೆ ವಯಸ್ಸು, ಲಿಂಗ, ಬಣ್ಣ ಮಾತ್ರ ಬರೆದಿದ್ದಾರೆ, ಅವರ ಹೆಸರು ಬರೆದಿಲ್ಲ. ಬಿಡುಗಡೆಯಾದ ಎಲ್ಲರ ಹೆಸರೂ ಗಣತಿಗೆ ಬಂದದ್ದು 1870ರಲ್ಲಿ. ಅದಕ್ಕೂ ಹಿಂದಿನ ತಮ್ಮವರನ್ನು ಹುಡುಕುತ್ತಿರುವ ವಂಶಜರಿಗೆ ಎಷ್ಟೋ ಸಲ ಇಂಥ ಆಸ್ತಿಪಟ್ಟಿಯೊಂದೇ ಆಧಾರ. ಪ್ರತಿ ಹೆಸರನ್ನೂ ಇದ್ದ ಕಾಗುಣಿತದಲ್ಲೇ ಬರೆದು, ಕೌಂಟಿ, ಪುಸ್ತಕದ ಸಂಖ್ಯೆ, ಪುಟ, ದಿನಾಂಕ ಸೇರಿಸಿ. ಫ್ಯಾಮಿಲಿಸರ್ಚ್‌ನಲ್ಲಿ ನೀವು ಕಟ್ಟುವ ವಂಶವೃಕ್ಷದಲ್ಲಿ ಆ ಒಡೆಯನ ಪುಟಕ್ಕೆ ಈ ಪಟ್ಟಿಯನ್ನೂ ಲಗತ್ತಿಸಿ. ತಾಯಿ ಮಕ್ಕಳನ್ನು ಒಟ್ಟಿಗೆ ಬರೆದಿದ್ದರೆ ಅದೇ ಕ್ರಮದಲ್ಲಿ ಇಡಿ.