ಹಾಕಿ ಚೆಂಡಿನ ಲೆಕ್ಕ: ಇಂಪಲ್ಸ್ 1.6 ಅಲ್ಲ, 8 ಏಕೆ?

ನಿಮ್ಮ ಪ್ರಶ್ನೆ ಇದು: 160 ಗ್ರಾಂ ತೂಕದ ಹಾಕಿ ಚೆಂಡು ಸೆಕೆಂಡಿಗೆ 20 ಮೀಟರ್ ವೇಗದಲ್ಲಿ ಬರುತ್ತದೆ. ಸ್ಟಿಕ್ ತಾಗಿ, ಬಂದ ದಾರಿಯಲ್ಲೇ 30 ಮೀಟರ್ ವೇಗದಲ್ಲಿ ವಾಪಸ್ ಹೋಗುತ್ತದೆ. ತಾಗಿದ್ದು 2 ಮಿಲಿಸೆಕೆಂಡ್. ನಿಮಗೆ 1.6 ಬಂದಿದೆ, ಪುಸ್ತಕದಲ್ಲಿ 8 ಇದೆ.

ಪುಸ್ತಕ ಸರಿ. ನೀವು 30ರಿಂದ 20 ಕಳೆದು 10 ಮಾಡಿದ್ದೀರಿ, ದಿಕ್ಕು ಬಿಟ್ಟುಹೋಗಿದೆ. ಇಂಪಲ್ಸ್, ಅಂದರೆ ಪುಸ್ತಕದ ಆವೇಗ, ಸಂವೇಗದಲ್ಲಿ (ದ್ರವ್ಯರಾಶಿ × ವೇಗ) ಆದ ಬದಲಾವಣೆ. ಚೆಂಡು ಬರುವ ದಿಕ್ಕನ್ನು ಪ್ಲಸ್ ಎಂದುಕೊಳ್ಳಿ. ಆಗ ಮೊದಲಿನ ವೇಗ +20, ಕೊನೆಯದು −30. ಕೊನೆಯದರಿಂದ ಮೊದಲಿನದನ್ನು ಕಳೆದರೆ −50. 0.160 × (−50) = −8 ನ್ಯೂಟನ್ ಸೆಕೆಂಡ್. ಮೈನಸ್ ಎಂದರೆ ಸ್ಟಿಕ್ ಚೆಂಡನ್ನು ಅದು ಬಂದ ಕಡೆಗೇ ತಳ್ಳಿತು ಎಂದಷ್ಟೇ. ಉತ್ತರದಲ್ಲಿ ದಿಕ್ಕನ್ನು ಬರೆಯಿರಿ.

ಸೂತ್ರದ ಮೇಲೆ ನಂಬಿಕೆ ಬಾರದಿದ್ದರೆ ಹೊಡೆತವನ್ನು ಎರಡು ತುಂಡು ಮಾಡಿ ನೋಡಿ. ಬರುತ್ತಿರುವ ಚೆಂಡು ಮೊದಲು ನಿಲ್ಲಬೇಕು: 0.160 × 20 = 3.2. ನಿಂತ ಚೆಂಡು ಆ ಕಡೆಗೆ 30ರ ವೇಗ ಪಡೆಯಬೇಕು: 0.160 × 30 = 4.8. ಎರಡನ್ನೂ ಮಾಡಿದ್ದು ಒಂದೇ ಸ್ಟಿಕ್, ಆದ್ದರಿಂದ ಕೂಡಬೇಕು. ನನಗೆ ಈ ದಾರಿಯೇ ಹೆಚ್ಚು ಇಷ್ಟ. ಇಲ್ಲಿ ಚಿಹ್ನೆ ತಪ್ಪುವುದು ಕಷ್ಟ.

ಸರಾಸರಿ ಬಲ ಕೇಳಿದರೆ 8 ಅನ್ನು 0.002ರಿಂದ ಭಾಗಿಸಿ: 4000 ನ್ಯೂಟನ್. ಗ್ರಾಂ ಅನ್ನು ಕಿಲೋಗ್ರಾಂಗೆ, ಮಿಲಿಸೆಕೆಂಡನ್ನು ಸೆಕೆಂಡಿಗೆ ಮೊದಲೇ ಬದಲಿಸಿ ಬರೆದುಕೊಳ್ಳಿ. ಎರಡನ್ನೂ ಮರೆತರೆ ಅಪಾಯ ಹೆಚ್ಚು: ಎರಡೂ ಸಾವಿರದ ಪಟ್ಟೇ ಆದ್ದರಿಂದ ಬಲ 4000 ಎಂದೇ ಬರುತ್ತದೆ, ಇಂಪಲ್ಸ್ ಮಾತ್ರ 8000 ಆಗಿ ಕೂತಿರುತ್ತದೆ.

ಈ 4000 ಸರಾಸರಿ, ಗರಿಷ್ಠ ಬಲವಲ್ಲ. ಬಲ–ಸಮಯದ ನಕ್ಷೆ ಕೊಟ್ಟಿದ್ದರೆ ಗೆರೆಯ ಕೆಳಗಿನ ವಿಸ್ತೀರ್ಣವೇ ಇಂಪಲ್ಸ್. ನಕ್ಷೆ ತ್ರಿಕೋನವಾಗಿದ್ದರೆ ½ × 0.002 × ಎತ್ತರ = 8, ಅಂದರೆ ತುದಿಯಲ್ಲಿ ಬಲ 8000 ನ್ಯೂಟನ್. ಆ 2 ಮಿಲಿಸೆಕೆಂಡಿನಲ್ಲಿ ಚೆಂಡಿನ ತೂಕದ (ಗುರುತ್ವ ಬಲದ) ಇಂಪಲ್ಸ್ ಸುಮಾರು 0.003 ಮಾತ್ರ, ಬಿಟ್ಟುಬಿಡಬಹುದು.

ಚೆಂಡು ಓರೆಯಾಗಿ ಹೋದರೆ ಎರಡು ದಿಕ್ಕುಗಳ ಲೆಕ್ಕ ಬೇರೆ ಬೇರೆ ಮಾಡಿ. ಇದೇ ಚೆಂಡು ಲಂಬಕೋನದಲ್ಲಿ ತಿರುಗಿ 30ರಲ್ಲಿ ಹೋದರೆ 3.2 ಮತ್ತು 4.8ರ ವರ್ಗಗಳನ್ನು ಕೂಡಿಸಿ ವರ್ಗಮೂಲ ತೆಗೆಯಿರಿ, ಸುಮಾರು 5.8.

ಕೊಡಗಿನ ಹಾಕಿ ಹಬ್ಬವಾದ ಕೊಡವ ಹಾಕಿ ನಮ್ಮೆಯಲ್ಲಿ ಗೋಲ್‌ಕೀಪರ್ ಕಾಲಿನ ದಪ್ಪ ಪ್ಯಾಡ್ ನೋಡಿರುತ್ತೀರಿ. 20ರಲ್ಲಿ ಬಂದ ಚೆಂಡು ಅದಕ್ಕೆ ತಾಗಿ ಅಲ್ಲೇ ನಿಂತರೆ ಇಂಪಲ್ಸ್ 3.2. ಪ್ಯಾಡ್ ಇದನ್ನು ಕಡಿಮೆ ಮಾಡುವುದಿಲ್ಲ, ಸಮಯವನ್ನು ಹಿಗ್ಗಿಸುತ್ತದೆ: 0.002 ಸೆಕೆಂಡ್ 0.02 ಆದರೆ ಸರಾಸರಿ ಬಲ 1600ರಿಂದ 160 ನ್ಯೂಟನ್‌ಗೆ ಇಳಿಯುತ್ತದೆ. ಚೆಂಡು ಪುಟಿದು 10ರಲ್ಲಿ ಹಿಂದಕ್ಕೆ ಹೋದರೆ ಇಂಪಲ್ಸ್ 3.2 ಅಲ್ಲ, 4.8.