ಮೊಟ್ಟೆಯೊಳಗೇ ಮರಿ ಸತ್ತದ್ದು ಏಕೆ?

ಪ್ರಶ್ನೆ: ಜುಲೈಯಲ್ಲಿ ಮನೆಯ ಇನ್‌ಕ್ಯುಬೇಟರ್‌ನಲ್ಲಿ 24 ನಾಟಿಕೋಳಿ ಮೊಟ್ಟೆ ಇಟ್ಟಿದ್ದೆ. 37.5 ಡಿಗ್ರಿ ಕಾವು ತಪ್ಪಲಿಲ್ಲ. ಜೊತೆಗೆ ಬಂದ ಕಾಗದದಲ್ಲಿ ಹೇಳಿದಂತೆ ದಿನಾ ತಟ್ಟೆಗೆ ನೀರು ತುಂಬಿದೆ. ಹೊರಬಂದದ್ದು ಆರೇ ಮರಿ. ಉಳಿದವನ್ನು ಒಡೆದರೆ ಹೆಚ್ಚಿನವುಗಳಲ್ಲಿ ಪೂರ್ತಿ ಬೆಳೆದ ಮರಿ, ಮೈಯೆಲ್ಲ ನೀರುನೀರಾಗಿ ಸತ್ತಿತ್ತು. ಮೊಟ್ಟೆ ಸರಿಯಿರಲಿಲ್ಲವೇ?
– ಓದುಗರು, ನಾಪೋಕ್ಲು

ಉತ್ತರ: ನಿಮ್ಮ ಪತ್ರ ಓದಿ ಹೊಟ್ಟೆ ಚುರುಕ್ ಎಂದಿತು. ಮರಿ ಪೂರ್ತಿ ಬೆಳೆದಿದೆ ಎಂದರೆ ಮೊಟ್ಟೆಯೂ ಸರಿಯಿತ್ತು, ಕಾವೂ ಸಿಕ್ಕಿತ್ತು. ಅತಿಯಾದದ್ದು ನೀರು ಎಂದೇ ನನಗೆ ಕಾಣುತ್ತದೆ.

ಆ ಕಾಗದದ ಲೆಕ್ಕ ಒಣ ಹವೆಯ ಊರಿಗೆ. ನಮ್ಮ ಕೊಡಗಿನ ಕಕ್ಕಡದಲ್ಲಿ, ಅಂದರೆ ಜುಲೈ–ಆಗಸ್ಟಿನ ಜಡಿಮಳೆಯ ತಿಂಗಳಲ್ಲಿ, ಉಪ್ಪಿನ ಭರಣಿ ನೀರೊಡೆಯುತ್ತದೆ, ಬೀರುವಿನ ಬಟ್ಟೆಗೆ ಬೂಸ್ಟು ಹಿಡಿಯುತ್ತದೆ. ಅದೇ ಗಾಳಿ ಪೆಟ್ಟಿಗೆಯೊಳಗೂ ಹೋಗುತ್ತದೆ, ಮೇಲಿಂದ ತಟ್ಟೆಯ ನೀರು ಬೇರೆ. ಮೊಟ್ಟೆಯ ಚಿಪ್ಪಿನಲ್ಲಿ ಸಾವಿರಾರು ಸಣ್ಣ ರಂಧ್ರಗಳಿವೆ. ಅವುಗಳಿಂದ ಒಳಗಿನ ನೀರು ದಿನಾ ಒಂದಿಷ್ಟು ಆರಬೇಕು. ಆರಿದಷ್ಟೂ ದಪ್ಪ ತುದಿಯ ಗಾಳಿಗೂಡು ಹಿಗ್ಗುತ್ತದೆ. ಮರಿ ಚಿಪ್ಪು ಒಡೆಯುವ ಮುಂಚೆ ಕೊಕ್ಕು ತೂರಿಸುವುದು ಅಲ್ಲಿಗೆ, ಮೊದಲ ಉಸಿರೂ ಅಲ್ಲಿಯದೇ. ಗೂಡು ಚಿಕ್ಕದಾದರೆ ಊದಿದ ಮರಿಗೆ ತಿರುಗಲು ಜಾಗವಿಲ್ಲ, ಅಲ್ಲೇ ಉಸಿರುಕಟ್ಟುತ್ತದೆ.

ನಾನು ಮೊಟ್ಟೆ ಇಡುವ ದಿನವೇ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ, ತೂಕವನ್ನು ಪೆನ್ಸಿಲ್‌ನಿಂದ ಚಿಪ್ಪಿನ ಮೇಲೇ ಬರೆಯುತ್ತೇನೆ. 50 ಗ್ರಾಂ ಮೊಟ್ಟೆ 18ನೇ ದಿನಕ್ಕೆ ಹೆಚ್ಚುಕಡಿಮೆ 44 ಗ್ರಾಮಿಗೆ ಇಳಿಯಬೇಕು. ಏಳನೇ ದಿನ ಕತ್ತಲೆ ಕೋಣೆಯಲ್ಲಿ ಟಾರ್ಚ್ ಹಿಡಿದು ಗಾಳಿಗೂಡಿನ ಅಂಚಿಗೆ ಗೆರೆ ಎಳೆಯುತ್ತೇನೆ. ಒಂದು ಮಳೆಗಾಲ ಹತ್ತನೇ ದಿನ ನೋಡಿದರೆ ಅಂಚು ಆ ಗೆರೆಯಿಂದ ಅಲುಗಿರಲೇ ಇಲ್ಲ. ಆಗಲೇ ತಟ್ಟೆ ಒಣಗಿಸಿದೆ, ಗಾಳಿಕಿಂಡಿ ಪೂರ್ತಿ ತೆರೆದೆ. ಹದಿನೆಂಟರ ಹೊತ್ತಿಗೆ ಗೂಡು ಸರಿಯಾಗಿ ಹಿಗ್ಗಿತ್ತು, ಮರಿಗಳೂ ಬಂದವು.

ಹಾಗಾಗಿ ಮಳೆಗಾಲದಲ್ಲಿ ಮೊದಲ 18 ದಿನ ನೀರಿಲ್ಲದೆಯೇ ಶುರು ಮಾಡಿ. ತೂಕ ತೀರಾ ಬೇಗ ಇಳಿದರೆ ಮಾತ್ರ ಸ್ವಲ್ಪ ಹಾಕಿ. ಬೇಸಿಗೆಯಲ್ಲಿ ಇದೇ ಲೆಕ್ಕ ಹಿಡಿಯಬೇಡಿ, ಆಗ ನೀರು ಬೇಕು. ಕೊನೆಯ ಮೂರು ದಿನ ಮಾತ್ರ ಯಾವ ಕಾಲದಲ್ಲೂ ತೇವ 65–70 ಶೇಕಡಾ ಇರಲಿ, ಇಲ್ಲದಿದ್ದರೆ ಪೊರೆ ಒಣಗಿ ಮರಿಗೆ ಅಂಟುತ್ತದೆ. ಆ ಮೂರು ದಿನ ಮೊಟ್ಟೆ ತಿರುಗಿಸುವುದೂ ಬೇಡ.

ಪ್ರಶ್ನೆ: ಗಾಳಿಮಳೆಗೆ ಕರೆಂಟ್ ಹೋದರೆ ಏನು ಮಾಡಲಿ?
– ಓದುಗರು, ಸೋಮವಾರಪೇಟೆ

ಉತ್ತರ: ಮುಚ್ಚಳ ತೆಗೆಯಬೇಡಿ. ಗಾಳಿಕಿಂಡಿ ಬಿಟ್ಟು ಕಂಬಳಿ ಹೊದೆಸಿ. ಎರಡು ಮೂರು ಗಂಟೆಯ ತಂಪನ್ನು ಮೊಟ್ಟೆ ತಡೆಯುತ್ತದೆ. ತಡೆಯದ್ದು ಸೆಕೆ, 40 ಡಿಗ್ರಿ ದಾಟಿದರೆ ಬೇಗ ಸಾಯುತ್ತವೆ. ಕರೆಂಟ್ ಬಂದ ಮೇಲೆ ಕಾವು ಏರಿಹೋಗದಂತೆ ಪಕ್ಕದಲ್ಲೇ ಇದ್ದು ನೋಡಿ.

ಪ್ರಶ್ನೆ: ಚಿಪ್ಪು ಬಿರಿದು ಆರು ಗಂಟೆಯಾದರೂ ಮರಿ ಬರಲಿಲ್ಲ. ಬಿಡಿಸಬಹುದೇ?
– ಓದುಗರು, ವಿರಾಜಪೇಟೆ

ಉತ್ತರ: ದಯವಿಟ್ಟು ಬೇಡ. ಒಂದು ದಿನದವರೆಗೂ ಹಿಡಿಯಬಹುದು. ನಾನೊಮ್ಮೆ ತಾಳಲಾರದೆ ಉಗುರಿನಿಂದ ಚಿಪ್ಪು ಸುಲಿದೆ. ಪೊರೆಯ ರಕ್ತನಾಳ ಹರಿದು ಬೆರಳೆಲ್ಲ ಕೆಂಪಾಯಿತು, ಮರಿ ಕೈಯಲ್ಲೇ ಹೋಯಿತು. ಆ ಹೊತ್ತಿನಲ್ಲಿ ಅದು ಸುಮ್ಮನೆ ಮಲಗಿರುವುದಿಲ್ಲ, ರಕ್ತವನ್ನೂ ಹಳದಿಯನ್ನೂ ಮೈಯೊಳಗೆ ಎಳೆದುಕೊಳ್ಳುತ್ತಿರುತ್ತದೆ. ಆ ಹಳದಿಯೇ ಹೊರಬಂದ ಮೇಲೆ ಎರಡು ದಿನದ ಊಟ. ಪುಕ್ಕ ಒಣಗಿ ಹತ್ತಿಯಂತಾಗುವವರೆಗೆ ಪೆಟ್ಟಿಗೆಯಲ್ಲೇ ಇರಲಿ, ಆಮೇಲೆ 35 ಡಿಗ್ರಿಯ ಬಲ್ಬಿನಡಿಗೆ ಬಿಡಿ.