ವಂಕಿ ಎದೆಗೆ ಏರುವುದಿಲ್ಲ, ಮುಟ್ಟು ಬರದಿದ್ದರೂ ಬಸಿರಾಗುತ್ತದೆ

ಪ್ರಶ್ನೆ: ಮಗುವಿಗೆ 8 ತಿಂಗಳು. ಹಾಲು ಕುಡಿಸುತ್ತಿದ್ದೇನೆ, ಮುಟ್ಟು ಬಂದಿಲ್ಲ. ನಮ್ಮೂರ ಪಿಎಚ್‌ಸಿಯ ಸಿಸ್ಟರ್ ವಂಕಿ (ಬಸಿರು ತಡೆಯಲು ಗರ್ಭಕೋಶದೊಳಗೆ ಇಡುವ ಕಾಪರ್-ಟಿ) ಹಾಕಿಸಿಕೊಳ್ಳಿ ಎನ್ನುತ್ತಾರೆ. ಹಾಲು ಕುಡಿಸುವಾಗ ಬಸಿರಾಗುವುದಿಲ್ಲ, ವಂಕಿ ಎದೆಗೆ ಏರುತ್ತದೆ ಅಂತಾರೆ ಅತ್ತೆ. ಏನು ಮಾಡಲಿ?

ಉತ್ತರ: ಊರು ಬೇರೆ ಬೇರೆ, ಪ್ರಶ್ನೆ ಮಾತ್ರ ಇದೇ. ನಾಳೆಯೇ ಹೋಗಿ ಬಸಿರಾಗಿದೆಯೇ ಅಂತ ಮೂತ್ರ ಪರೀಕ್ಷೆ ಮಾಡಿಸಿ. ಅಂಡ ಬಿಡುಗಡೆಯಾಗಿ ಸುಮಾರು 2 ವಾರದ ಮೇಲೆ ಮುಟ್ಟು ಬರುವುದು, ಹಾಗಾಗಿ ಹೆರಿಗೆ ನಂತರದ ಮೊದಲ ಮುಟ್ಟು ಕಾಣುವ ಮುಂಚೆಯೇ ಬಸಿರಾಗಬಹುದು. ಹಾಲೂಡಿಸುವುದರಿಂದ ರಕ್ಷಣೆ ಸಿಗುವುದು ಮಗುವಿಗೆ 6 ತಿಂಗಳು ತುಂಬುವವರೆಗೆ ಮಾತ್ರ, ಅದೂ ಮುಟ್ಟು ಶುರುವಾಗದೆ, ಹಗಲು ರಾತ್ರಿ ಎದೆಹಾಲು ಬಿಟ್ಟು ಬೇರೇನೂ ಕೊಡದೆ ಇದ್ದರೆ. ನಿಮ್ಮ ಮಗು ಈಗಾಗಲೇ ರಾಗಿ ಸರಿ ತಿನ್ನುತ್ತಿರಬೇಕು, ಅಲ್ವಾ?

ಇನ್ನು ವಂಕಿ. ತಾಮ್ರದ ತಂತಿ ಸುತ್ತಿದ, ಮೂರೂವರೆ ಸೆಂಟಿಮೀಟರ್ ಉದ್ದದ ಪ್ಲಾಸ್ಟಿಕ್ ತುಂಡು ಅದು. ಗರ್ಭಕೋಶದಿಂದ ಎದೆಗೆ ದಾರಿಯೇ ಇಲ್ಲ. ಹಾಕುವಾಗ ಗರ್ಭಕೋಶದ ಗೋಡೆ ಚುಚ್ಚಿಕೊಳ್ಳುವುದು ತೀರಾ ಅಪರೂಪ, ಆದರೆ ಹಾಲೂಡಿಸುವವರಲ್ಲಿ ತುಸು ಜಾಸ್ತಿ. ಅದಕ್ಕೇ ತರಬೇತಿ ಆದವರ ಕೈಯಲ್ಲೇ ಹಾಕಿಸಿ. ಕೆಲವರಿಗೆ ಜಾರಿ ಬೀಳುತ್ತದೆ, 6 ವಾರಕ್ಕೆ ಹೋಗಿ ವಂಕಿಯ ತುದಿಯ ದಾರ ಇದೆಯಾ ಅಂತ ನೋಡಿಸಿಕೊಳ್ಳಿ. 380ಎ ಎನ್ನುವ ಬಗೆಯ ವಂಕಿ 10 ವರ್ಷ ಕೆಲಸ ಮಾಡುತ್ತದೆ, ಬೇಡ ಅನಿಸಿದ ದಿನ ತೆಗೆಸಬಹುದು.

ಒಂದು ಎಚ್ಚರಿಕೆ. ಮೊದಲ ಕೆಲವು ತಿಂಗಳು ಮುಟ್ಟಿನ ಸ್ರಾವ ಹೆಚ್ಚಾಗಬಹುದು. ತಾಯಿ ಕಾರ್ಡಿನಲ್ಲಿ ಹಿಮೋಗ್ಲೋಬಿನ್ ಎಷ್ಟಿತ್ತು ನೋಡಿ, ಈಗ ಮತ್ತೆ ಪರೀಕ್ಷೆ ಮಾಡಿಸಿ. ರಕ್ತ ತೀರಾ ಕಡಿಮೆ ಇದ್ದವರಿಗೆ ನಾನಂತೂ ವಂಕಿಗೆ ಅವಸರ ಮಾಡುವುದಿಲ್ಲ, ಬಸಿರು ತಡೆಯುವ ಛಾಯಾ ಮಾತ್ರೆ ಕೊಡುತ್ತೇನೆ: ಮೊದಲ 3 ತಿಂಗಳು ವಾರಕ್ಕೆ 2, ಆಮೇಲೆ ವಾರಕ್ಕೆ 1. ಹಾಲಿಗೆ ತೊಂದರೆಯಿಲ್ಲ. ಸರ್ಕಾರಿ ಆಸ್ಪತ್ರೆಯಲ್ಲಿ ಎಲ್ಲವೂ ಉಚಿತ. ಅತ್ತೆಯನ್ನೂ ಜೊತೆಗೆ ಕರೆದುಕೊಂಡು ಹೋಗಿ, ವಂಕಿಯನ್ನು ಅವರ ಕೈಗೇ ಕೊಟ್ಟು ತೋರಿಸಲಿ.

ಪ್ರಶ್ನೆ: ಬಸಿರು ತಡೆಯುವ 'ಅಂತರ' ಇಂಜೆಕ್ಷನ್ ತೆಗೆದುಕೊಂಡರೆ ಮುಂದೆ ಮಕ್ಕಳೇ ಆಗುವುದಿಲ್ಲವಂತೆ?

ಉತ್ತರ: ಆಗುತ್ತವೆ. ಕೊನೆಯ ಇಂಜೆಕ್ಷನ್ ನಂತರ ಸಾಮಾನ್ಯವಾಗಿ 7ರಿಂದ 10 ತಿಂಗಳು ಹಿಡಿಯುತ್ತದೆ, ಅಷ್ಟೇ.

ಪ್ರಶ್ನೆ: ಕಬ್ಬಿಣದ ಮಾತ್ರೆ ತಿಂದರೆ ಮಗು ಕಪ್ಪಾಗುತ್ತದಾ?

ಉತ್ತರ: ಕಪ್ಪಾಗುವುದು ಮಲ. ಸುಮ್ನೆ ಮಾತ್ರೆಯನ್ನು ತಿಪ್ಪೆಗೆ ಎಸೆಯಬೇಡಿ.

ಪ್ರಶ್ನೆ: ಮುಟ್ಟು ತಪ್ಪಿದೆ. ಸಂತೆಯಲ್ಲಿ ಪಂಡಿತರೊಬ್ಬರು ಬೇರು ಕೊಟ್ಟಿದ್ದಾರೆ, ಕುಡಿಯಲೇ?

ಉತ್ತರ: ಬೇಡ! ಆ ಬೇರನ್ನೂ ಹಿಡಿದುಕೊಂಡು ಇವತ್ತೇ ಆಸ್ಪತ್ರೆಗೆ ಹೋಗಿ. ಗರ್ಭ ಬೇಡವಾಗಿದ್ದರೆ ಅದಕ್ಕೆ ಕಾನೂನಿನ ದಾರಿಯಿದೆ. ರಕ್ತ ಹೋಗಲು ಶುರುವಾದರೆ ಆ ಪಂಡಿತ ನಿಮ್ಮ ಫೋನ್ ಕೂಡ ಎತ್ತುವುದಿಲ್ಲ.